ಅಟ್ಟದಿಂದ ಇಳಿದ ಕೋವಿ: ಪುಣೆಯಲ್ಲಿ ಒಂದು ಹಳೇ ನಳಿಗೆಯ ತುಕ್ಕು ತೆಗೆದ ಪ್ರಕರಣ

ಇದು 2022ರ ಮಳೆಗಾಲದ ಮಾತು. ಪುಣೆಯ ವಾನವಡಿ ಕಡೆ ನೆಲೆಸಿರುವ ಕೊಡಗಿನ ನಿವೃತ್ತ ಸುಬೇದಾರರೊಬ್ಬರು ತಮ್ಮ ಐನ್‌ಮನೆಯಿಂದ, ಅಂದರೆ ಮನೆತನದ ಮೂಲ ಮನೆಯಿಂದ, ತಂದ ಹಳೇ ಕೋವಿಯನ್ನು ಶುಚಿ ಮಾಡಲು ನನ್ನ ನೆರವು ಕೇಳಿದರು. ನಾನು ಧಾರವಾಡದ ಕಡೆಯವನು. ಚಿಂಚವಡದ ಒಂದು ಟೂಲ್‌ರೂಮಿನಲ್ಲಿ ಬೋರಿಂಗ್ (ತೂತು ಹಿಗ್ಗಿಸುವುದು), ಹೋನಿಂಗ್ (ಕೊಳವೆಯ ಒಳಮೈಯನ್ನು ಸಾಣೆಕಲ್ಲಿನಿಂದ ಉಜ್ಜಿ ನಯ ಮಾಡುವುದು) ಮಾಡುತ್ತ ಇಪ್ಪತ್ತಾರು ವರ್ಷವಾಯಿತು. ಕೊಳವೆಯ ಒಳಮೈ ನನಗೆ ಗೊತ್ತು, ಕೋವಿ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಎಷ್ಟೋ ತೀರ್ಮಾನಗಳು ಇದರ ಮೇಲೆ ನಿಂತವು. ಸುಬೇದಾರರ ಮನೆತನ, ಊರು, ಪಲ್ಟನ್ ಯಾವುದನ್ನೂ ಬರೆದಿಲ್ಲ. ಅವರು ಓದಿ ಒಪ್ಪಿದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ.

ಕೋವಿ ಬಂದ ದಾರಿ

ಕೊಡವರ ಮನೆಯಲ್ಲಿ ಕೋವಿ ಒಬ್ಬ ಹಿರಿಯನಿದ್ದಂತೆ. ಗಂಡುಮಗು ಹುಟ್ಟಿದರೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಟ್ಟ ವಿನಾಯಿತಿ ಒಂದಲ್ಲ ಒಂದು ರೂಪದಲ್ಲಿ ಇವತ್ತಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಸುಬೇದಾರರ ಬಳಿ ಅದರ ಪತ್ರವಿತ್ತು. ಕೋವಿ ಪುಣೆಗೆ ಬಂದ ವಾರದಲ್ಲೇ ಹತ್ತಿರದ ಠಾಣೆಗೂ ಬರೆದು ಕೊಟ್ಟಿದ್ದರು. ಕಾಗದಪತ್ರ ನೋಡದೆ ನಾನು ಕೈಹಾಕುವುದಿಲ್ಲ ಎಂದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಫೈಲನ್ನೇ ತಂದು ಮುಂದಿಟ್ಟರು.

ಬಾಯಿಂದ ತುಂಬುವ ಕೇಪಿನ ಕೋವಿ ಅದು. ನಳಿಗೆಯೊಳಗೆ ಮಸಿ (ಕರಿ ಮದ್ದಿನ ಪುಡಿ) ಸುರಿದು, ಮೇಲೆ ನಾರು, ಆಮೇಲೆ ಚರೆ (ಸೀಸದ ಸಣ್ಣ ಗುಂಡು), ಮತ್ತೆ ನಾರು ಹಾಕಿ ಗಜದಿಂದ, ಅಂದರೆ ಉದ್ದನೆಯ ಸರಳಿನಿಂದ, ಗಿಡಿಯಬೇಕು. ಬುಡದಲ್ಲಿರುವ ತೂತಿನ ಮೊಳೆ, ಅಂದರೆ ನಿಪ್ಪಲ್ಲಿಗೆ ಕಿಡಿ ಹಾರಿಸುವ ಕೇಪು ಕೂರಿಸಿ, ಅದಕ್ಕೆ ಬಡಿಯುವ ಸುತ್ತಿಗೆಯಾದ ಕುದುರೆಯನ್ನು ಬಿಟ್ಟರೆ ಈಡು. ಅದನ್ನು ನೋಡಿಕೊಳ್ಳುತ್ತಿದ್ದವರು ಸುಬೇದಾರರ ಅಣ್ಣ. 2011ರಲ್ಲಿ ಅವರು ಹೋದ ಮೇಲೆ ಕೋವಿ ಅಟ್ಟ ಸೇರಿತು.

2008ರಲ್ಲಿ ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆ ರಜೆಯಲ್ಲಿ ಹೋಗಿದ್ದಾಗ ತೆಂಗಿನಕಾಯಿಗೆ ಮೂರು ಈಡು ಹೊಡೆದದ್ದು ಸುಬೇದಾರರಿಗೆ ನೆನಪಿದೆ. ಸಂಜೆ ತಾವೇ ಕೂತು ಶುಚಿ ಮಾಡಿದ್ದೂ ನೆನಪಿದೆ. ಬುಡ ಮುಚ್ಚಿದ ನಳಿಗೆಗೆ ಪುಲ್‌ಥ್ರೂ (ಆಚೆ ತುದಿಯಿಂದ ಚಿಂದಿ ಎಳೆಯುವ ಹಗ್ಗ) ನಡೆಯುವುದಿಲ್ಲವಾದ್ದರಿಂದ ಗಜಕ್ಕೆ ಚಿಂದಿ ಸುತ್ತಿ ಒರೆಸಿ, ಧಾರಾಳವಾಗಿ ಎಣ್ಣೆ ಬಿಟ್ಟಿದ್ದರು. ಪಲ್ಟನಿನಲ್ಲಿ ಮೂವತ್ತು ವರ್ಷ ಕಲಿತದ್ದು, ಕಲಿಸಿದ್ದು ಅದನ್ನೇ. ನೀರು ಮುಟ್ಟಿಸಿರಲಿಲ್ಲ.

ನಾನು ನೋಡುವ ಹೊತ್ತಿಗೆ ನಳಿಗೆಯ ಬಾಯಿ ಕಾವಿಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಟಾರ್ಚ್ ಬಿಟ್ಟರೆ ಒಂದು ಗೇಣಿನಾಚೆ ಬರೀ ಕಪ್ಪು. ಬೆರಳು ತೂರಿಸಿದರೆ ಟಾರಿನಂಥ ಅಂಟು. ಅದರ ಮೇಲೆ ಇನ್ನೊಂದು ಅನಾಹುತವೂ ಆಗಿತ್ತು. ಮನೆಯಲ್ಲಿದ್ದ ಸೋದರಳಿಯ, ಒಳ್ಳೇ ಹುಡುಗ, ಮಾವನಿಗೆ ಅಚ್ಚರಿ ಕೊಡೋಣವೆಂದು ಅರ್ಧ ಬಾಟಲಿ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಒಳಗೆ ಸುರಿದು ರಾತ್ರಿಯಿಡೀ ಬಿಟ್ಟಿದ್ದ. ಹುಳಿ ತುಕ್ಕನ್ನು ತಿನ್ನುತ್ತದೆ ಎಂಬುದು ಸರಿ, ಆದರೆ ಅದಕ್ಕೆ ತುಕ್ಕು ಯಾವುದು, ಕಬ್ಬಿಣ ಯಾವುದು ಎಂಬ ಭೇದವಿಲ್ಲ. ಸುರಿದ ಮೇಲೆ ತೊಳೆದೂ ಇರಲಿಲ್ಲ. ಬಾಯಂಚಿನಲ್ಲಿ ಹುಳಿ ಹರಿದಲ್ಲೆಲ್ಲ ಬೂದಿಬಣ್ಣದ ಗೆರೆಗಳು ಎದ್ದಿದ್ದವು.

ಸುಬೇದಾರರ ಆಸೆ ದೊಡ್ಡದೇನಲ್ಲ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ ಕೋವಿ ಶುಚಿಯಾಗಿ ಪೂಜೆಗೆ ನಿಲ್ಲಬೇಕು, ಅದರ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಬೇಕು. ಸಾಧ್ಯವಾದರೆ ಒಂದೇ ಒಂದು ಈಡು ಹೊಡೆಯಬೇಕು.

ಎರಡೂ ಮುಕ್ಕಾಲು ಇಂಚು

ನಾನು ಚೀಲದಲ್ಲಿ ಡ್ರಿಲ್ ಮಷಿನ್ ತಂದಿದ್ದೆ. ಅದರ ಮೂತಿಗೆ ವೈರ್ ಬ್ರಶ್ ಕಟ್ಟಿ ಒಳಗೆ ಬಿಟ್ಟರೆ ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ತಡೆದದ್ದು ಟೂಲ್‌ರೂಮಿನ ಒಂದು ಅಭ್ಯಾಸ. ಆಚೆ ಬದಿ ಮುಚ್ಚಿದ ತೂತಿಗೆ ಯಾವ ಟೂಲ್ ಇಳಿಸುವ ಮುಂಚೆಯೂ ಆಳ ಅಳೆಯುತ್ತೇವೆ. ಗಜವನ್ನು ನಳಿಗೆಯ ಹೊರಗೆ ಉದ್ದಕ್ಕೆ ಇಟ್ಟು ಬಾಯಿಂದ ನಿಪ್ಪಲಿನ ಬುಡದವರೆಗೆ ಗುರುತು ಹಾಕಿದೆ. ಮೂವತ್ತೆಂಟೂವರೆ ಇಂಚು ಬಂತು. ಅದೇ ಗಜವನ್ನು ಒಳಗೆ ಇಳಿಸಿದರೆ ಮೂವತ್ತೈದೂ ಮುಕ್ಕಾಲಿಗೆ ನಿಂತಿತು. ಎರಡು ಸಲ, ಮೂರು ಸಲ ಇಳಿಸಿದರೂ ಅಷ್ಟೇ. ತಳಕ್ಕೆ ತಾಗಿದ ಸದ್ದೂ ಲೋಹದ್ದಲ್ಲ, ಮರದ ಬಾಗಿಲು ತಟ್ಟಿದಂತೆ ಮಂದ.

“ತುಕ್ಕು ಗಟ್ಟಿಯಾಗಿದೆ ಅಷ್ಟೆ” ಎಂದ ಸೋದರಳಿಯ. ಸುಬೇದಾರರು ಮಾತಾಡಲಿಲ್ಲ. ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಯಿಯನ್ನು ಯಾರೂ ಇಲ್ಲದ ಗೋಡೆಯ ಕಡೆ ತಿರುಗಿಸಿ, ಹುಡುಗನನ್ನು ಹೊರಗೆ ಕಳಿಸಿದರು. ಆಮೇಲೆ ಮೆಲ್ಲಗೆ, “ಅಣ್ಣ ತುಂಬಿಟ್ಟು ಹೋಗಿದ್ದಾರೆ” ಎಂದರು.

ಮಸಿಯ ಒಂದು ಗುಣವನ್ನು ಎಲ್ಲರೂ ತಿಳಿದಿರಬೇಕು. ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) 75, ಇದ್ದಿಲು 15, ಗಂಧಕ 10 ಪಾಲಿನ ಈ ಪುಡಿ ಒಣಗಿದ್ದರೆ ಕೆಡುವುದಿಲ್ಲ. ಹನ್ನೊಂದು ವರ್ಷ ಅದಕ್ಕೆ ಏನೂ ಅಲ್ಲ. ನಾನು ಮಾಡಲು ಹೊರಟಿದ್ದ ಕೆಲಸವೆಂದರೆ ಕಿಡಿ ಹಾರಿಸಬಲ್ಲ ಉಕ್ಕಿನ ಬ್ರಶ್ಶನ್ನು ತಿರುಗುವ ಮಷಿನಿಗೆ ಕಟ್ಟಿ ಆ ಪುಡಿಯ ಮೇಲೆ ಇಳಿಸುವುದು, ಅದೂ ನಳಿಗೆಯ ಬಾಯೆದುರು ನಿಂತು. ಡ್ರಿಲ್ಲನ್ನು ಚೀಲಕ್ಕೆ ಹಾಕಿದೆ. ಈ ಪ್ರಕರಣ ಮುಗಿಯುವವರೆಗೂ ಅದು ಹೊರಗೆ ಬರಲಿಲ್ಲ.

ಅಲ್ಲಿಂದ ಮುಂದೆ ಯಾರು ಏನು ಮಾಡಬೇಕೆಂದು ಕೂತು ಗೆರೆ ಎಳೆದುಕೊಂಡೆವು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕಿನ ರಿಪೇರಿಗೂ ಪರವಾನಗಿ ಬೇಕು. ಆದ್ದರಿಂದ ತುಂಬಿದ್ದನ್ನು ತೆಗೆಯುವುದು, ನಿಪ್ಪಲ್ ಬಿಚ್ಚುವುದು, ಮರದಿಂದ ನಳಿಗೆ ಬೇರೆ ಮಾಡುವುದು ಪರವಾನಗಿ ಇರುವ ಬಂದೂಕು ಮಿಸ್ತ್ರಿಯ ಪಾಲು. ಒಳಮೈ ತೊಳೆಯುವುದು ಸುಬೇದಾರರ ಮನೆಯಲ್ಲಿ, ಅವರ ಕಣ್ಣೆದುರು, ನನ್ನ ಪಾಲು. ಕೋವಿ ಒಂದು ರಾತ್ರಿಯೂ ನನ್ನ ಮನೆಗೆ ಬರಬಾರದು.

ಮಿಸ್ತ್ರಿ ಫೋನಿನಲ್ಲೇ ಮೊದಲ ಕೆಲಸ ಹೇಳಿದರು. ನಿಪ್ಪಲಿನ ಮೇಲೆ ಕೇಪು ಇಲ್ಲ ತಾನೇ ನೋಡಿ, ಬಾಯಿ ಮೇಲೆ ಮಾಡಿ ನಿಲ್ಲಿಸಿ, ನೀರು ತುಂಬಿ, ಎರಡು ದಿನ ಬಿಡಿ. ಕೇಪು ಇರಲಿಲ್ಲ. ಸುಬೇದಾರರು ಸ್ಟೀಲ್ ಚೆಂಬಿನಿಂದ ನಿಧಾನವಾಗಿ ನೀರು ಬಿಟ್ಟರು. ನಿಪ್ಪಲಿನ ತೂತಿನಲ್ಲಿ ಮೊದಲು ಒಂದು ಗುಳ್ಳೆ ಎದ್ದು ಒಡೆಯಿತು, ಆಮೇಲೆ ಕಪ್ಪು ಹನಿ ತೊಟ್ಟಿಕ್ಕತೊಡಗಿತು. ಪೆಟ್ಲುಪ್ಪು ನೀರಿನಲ್ಲಿ ಕರಗಿ ಹೋದರೆ ಉಳಿದದ್ದು ಬರೀ ಇದ್ದಿಲ ಕೆಸರು.

ಮೂರನೇ ದಿನ ಮಿಸ್ತ್ರಿ ಗಜದ ತುದಿಗೆ ತಿರುಪು ಕೊಕ್ಕೆ ಹಾಕಿ ತಿರುವಿ ಎಳೆದರು. ಮೊದಲು ಬಂದದ್ದು ಕೊಳೆತ ತೆಂಗಿನ ನಾರಿನ ಉಂಡೆ. ಕೋವಿ ಬಗ್ಗಿಸಿದಾಗ ಚರೆ ತಟ್ಟೆಗೆ ಉದುರಿತು. ಎಣಿಸಿದರೆ ಹತ್ತೊಂಬತ್ತು, ಒಂದೊಂದಕ್ಕೂ ಸೀಸದ ಬಿಳಿ ಪುಡಿಯ ಹೊದಿಕೆ. ಆ ಪುಡಿ ವಿಷ, ಕೈಗವಸು ಹಾಕಿಯೇ ಮುಟ್ಟಿದೆವು. ಕೊನೆಗೆ ಇನ್ನೊಂದು ನಾರು, ಅದರ ಹಿಂದೆ ಎರಡು ಚಮಚದಷ್ಟು ಕಪ್ಪು ರಾಡಿ. ಸುಬೇದಾರರು ಆ ಮೊದಲ ನಾರಿನ ಉಂಡೆಯನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು. ಅಣ್ಣನ ಕೈ ಗಿಡಿದದ್ದು ಅದು. ನಾವಿಬ್ಬರೂ ಏನೂ ಕೇಳಲಿಲ್ಲ.

ಎಣ್ಣೆಯೋ ನೀರೋ

ಮದ್ದು ಸಾಯಿಸಲು ನೀರು ಸರಿ, ಶುಚಿ ಮಾಡಲು ಎಣ್ಣೆಯೇ ಆಗಬೇಕು ಎಂದು ಸುಬೇದಾರರು ಪಟ್ಟು ಹಿಡಿದರು. “ಕಬ್ಬಿಣಕ್ಕೆ ನೀರು ಹಾಕಿ ತುಕ್ಕು ತೆಗೀತೀರಾ? ನಮ್ಮ ಉಸ್ತಾದ್ ಇದ್ದಿದ್ರೆ ಪಿಟ್ಟು ಪರೇಡ್ ಕೊಡೋರು” ಎಂದರು. ಬೆನ್ನಿಗೆ ಭಾರದ ಚೀಲ ಹೊರಿಸುವ ಪಲ್ಟನಿನ ಶಿಕ್ಷೆ ಅದು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಅವರು ಹಿಡಿದದ್ದೆಲ್ಲ ಹೊಗೆಯಿಲ್ಲದ ಮದ್ದಿನ, ಹೊಸ ಕಾಲದ ರೈಫಲ್ಲುಗಳು. ಅದರ ಕಿಟ್ಟಕ್ಕೆ ಎಣ್ಣೆ ಸಾಕು.

ಮಸಿಯ ಜಾತಿಯೇ ಬೇರೆ. ಉರಿದ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ ಹೋಗುವುದೇ ಇಲ್ಲ, ಗಟ್ಟಿ ಪದಾರ್ಥವಾಗಿ ಉಳಿಯುತ್ತದೆ. ಅದರಲ್ಲಿ ಬಹುಪಾಲು ಪೊಟ್ಯಾಸಿಯಂ ಲವಣಗಳು. ಹಳೇ ಬಗೆಯ ಕೇಪಿನಲ್ಲಿದ್ದ ಕ್ಲೋರೇಟ್ ಉರಿದು ಬಿಡುವುದೂ ಅಡುಗೆ ಉಪ್ಪಿನ ತಮ್ಮನಂಥದ್ದೇ. ಇವೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಹಾಗಾಗಿ ಮೇಲೆ ಬಿಟ್ಟ ಎಣ್ಣೆ ಅದಕ್ಕೆ ಹೊದಿಕೆಯಾಯಿತೇ ಹೊರತು ಅದನ್ನು ತೆಗೆಯಲಿಲ್ಲ. 2008ರ ಆ ಸಂಜೆಯಿಂದ ಉಪ್ಪು ಎಣ್ಣೆಯಡಿ ಕೂತು ಕಬ್ಬಿಣವನ್ನು ತಿನ್ನುತ್ತಲೇ ಇತ್ತು.

ಇದನ್ನು ಬಾಯಲ್ಲಿ ಹೇಳಿದರೆ ಒಪ್ಪುವ ಮನುಷ್ಯ ಅವರಲ್ಲ, ತೋರಿಸಬೇಕಿತ್ತು. ಕುದುರೆಯ ಬಾಯೊಳಗೆ ಕಟ್ಟಿದ್ದ ಬೂದು ಹಕ್ಕಳೆಯನ್ನು ಬಿದಿರುಕಡ್ಡಿಯಿಂದ ಕೆರೆದೆ. ಗ್ರೈಂಡ್ ಮಾಡಿ ಹೊಳೆಯುತ್ತಿದ್ದ ಎರಡು ಉಕ್ಕಿನ ತುಂಡಿನ ಮೇಲೆ ಚಿಟಿಕೆ ಚಿಟಿಕೆ ಇಟ್ಟೆ. ಒಂದಕ್ಕೆ ಹಾಗೇ ಎಣ್ಣೆ ಬಿಟ್ಟೆ. ಇನ್ನೊಂದನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಿಟ್ಟೆ. ಎರಡನ್ನೂ ಅವರ ಬಾಲ್ಕನಿಯ ಕಿಟಕಿಗಟ್ಟೆಯ ಮೇಲೆ ಇಟ್ಟು ಬಂದೆ. ಜುಲೈ ತಿಂಗಳ ಪುಣೆ, ಗೋಡೆಯೇ ಬೆವರುವ ಕಾಲ. ಮರುದಿನ ಬೆಳಗ್ಗೆ ಆರಕ್ಕೆ ಅವರೇ ಫೋನ್ ಮಾಡಿದರು. ಮೊದಲ ತುಂಡಿನ ಮೇಲೆ ಎಣ್ಣೆಯಡಿ ಸಾಸಿವೆಕಾಳಿನಷ್ಟು ನೀರಿನ ಮಣಿಗಳು, ಒಂದೊಂದರ ಸುತ್ತ ಕೆಂಪು ಬಳೆ. ಎರಡನೆಯದು ಇಟ್ಟಾಗ ಇದ್ದ ಹಾಗೇ ಇತ್ತು. “ಬಿಸಿನೀರಿಗೆ ಇಟ್ಟಿದ್ದೀನಿ, ಬನ್ನಿ” ಎಂದರು.

ತೊಳೆದ ಬಗೆ, ಸಿಕ್ಕಿಬಿದ್ದ ಬ್ರಶ್

ಮೊದಲು ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರು. ಚಿಂದಿ ಸುತ್ತಿದ ಗಜ ಮೇಲೆ ಕೆಳಗೆ ಆಡಿದಂತೆಲ್ಲ ನಿಪ್ಪಲ್ ತೂತಿನಿಂದ ಪಿಚಕಾರಿಯ ಹಾಗೆ ಕಪ್ಪು ನೀರು ಚಿಮ್ಮುತ್ತಿತ್ತು, ಜತೆಗೆ ಕೊಳೆತ ಮೊಟ್ಟೆಯ ವಾಸನೆ. ಅದು ಗಂಧಕದ್ದು. ಏಳೆಂಟು ಬಕೆಟ್ ಆದ ಮೇಲೆ ನೀರು ತಿಳಿಯಾಯಿತು.

ಆಮೇಲೆ ಕಂಚಿನ ಬ್ರಶ್. ನಳಿಗೆಯ ಒಳವ್ಯಾಸ ಸುಮಾರು 14.7 ಮಿಲಿಮೀಟರ್. ಆ ಅಳತೆಯದ್ದು ಸಿಗದೆ 20 ಬೋರಿನ, ಅಂದರೆ 15.6 ಮಿಲಿಮೀಟರಿನ ನಳಿಗೆಗೆ ಮಾಡಿದ್ದನ್ನು ತಂದೆ. ಸ್ವಲ್ಪ ಬಿಗಿಯಿದ್ದರೆ ಚೆನ್ನಾಗಿ ಉಜ್ಜುತ್ತದೆ ಎಂದುಕೊಂಡೆ. ಅದು ನನ್ನ ತಪ್ಪು. ಎರಡೂ ಕಡೆ ತೆರೆದ ಕೊಳವೆಯಲ್ಲಿ ಬ್ರಶ್ ಆಚೆ ದಾಟಿ ಹೊರಬಂದ ಮೇಲೆ ಕೂದಲು ತಿರುಗಿ ಮಲಗುತ್ತದೆ. ಇಲ್ಲಿ ದಾಟಲು ಜಾಗವಿಲ್ಲ. ಒಳಗೆ ಹೋಗುವಾಗ ಹಿಂದಕ್ಕೆ ಬಾಗಿದ ಕೂದಲು ಹೊರಗೆಳೆದಾಗ ಮೀನಿನ ಗಾಳದಂತೆ ಕಚ್ಚಿ ನಿಂತಿತು. ಮೂವತ್ತು ಇಂಚಿನಲ್ಲಿ ಬ್ರಶ್ ಸಿಕ್ಕಿಬಿತ್ತು.

ಗಾಬರಿಯಲ್ಲಿ ಹೇಗೆಂದರೆ ಹಾಗೆ ತಿರುಗಿಸುವ ಮನಸ್ಸಾಗುತ್ತದೆ. ಎಡಕ್ಕೆ ತಿರುಗಿಸಿದ್ದರೆ ಗಜದ ತಿರುಪು ಬಿಚ್ಚಿ ಬ್ರಶ್ ಒಳಗೇ ಉಳಿಯುತ್ತಿತ್ತು. ಸೋಪುನೀರು ಬಿಟ್ಟು, ಬಲಕ್ಕೆ ಮಾತ್ರ, ಕಾಲು ಸುತ್ತು ತಿರುಗಿಸಿ ಒಂದು ನೂಲಿನಷ್ಟು ಎಳೆಯುತ್ತ ಹೋದೆವು. ಕೂದಲು ಒಂದೊಂದೇ ಪಕ್ಕಕ್ಕೆ ಮಲಗಿ ದಾರಿ ಕೊಟ್ಟಿತು. ನಲವತ್ತು ನಿಮಿಷ ಹಿಡಿಯಿತು. ಅಂದಿನಿಂದ ಆ ನಳಿಗೆಗೆ ಬ್ರಶ್ ಇಳಿಸಿಲ್ಲ.

ಆ ಸಂಜೆ ಫೋನಿಗೆ ಜೋಡಿಸುವ ಬೋರ್‌ಸ್ಕೋಪ್, ಅಂದರೆ ತೂತಿನೊಳಗೆ ಇಳಿಸುವ ಸಣ್ಣ ಕ್ಯಾಮೆರಾ, ಒಳಗೆ ಬಿಟ್ಟು ನೋಡಿದೆವು. ಕಿಟ್ಟ ಹೋದ ಕಡೆ ಮೂರು ಅಗಲವಾದ, ಆಳ ಕಡಿಮೆಯ ಗೀರುಗಳು ನಿಧಾನವಾಗಿ ಸುತ್ತಿಕೊಂಡು ಇಳಿಯುತ್ತಿದ್ದವು. ಗುಂಡನ್ನು ತಿರುಗಿಸಿ ನೇರ ಹಾರಿಸಲು ರೈಫಲ್ಲಿನೊಳಗೆ ಕೊರೆಯುವ ಗೀರುಗಳು ಅವು. ಬೋಳು ನಳಿಗೆ ಎಂದು ಮನೆಯವರು ನಂಬಿ, ಚರೆ ತುಂಬುತ್ತಿದ್ದ ಕೋವಿ ಅಸಲಿಗೆ ರೈಫಲ್! 39 ಇಂಚಿನ ನಳಿಗೆ, .577 ಇಂಚಿನ ಬೋರು (ಒಳವ್ಯಾಸ), ಮೂರು ಗೀರು. ಇವೆಲ್ಲ 1853ರ ಎನ್‌ಫೀಲ್ಡ್ ಮಾದರಿಯ ಲೆಕ್ಕ. ಅದರಲ್ಲಿ ಗೀರು 78 ಇಂಚಿಗೆ ಒಂದು ಸುತ್ತು ಬರುತ್ತದೆ, ಅಂದರೆ ಇಡೀ ನಳಿಗೆಯಲ್ಲಿ ಅರ್ಧ ಸುತ್ತು ಮಾತ್ರ. 1857ರ ದಂಗೆಯ ಹೆಸರಿನೊಡನೆ ಅಂಟಿಕೊಂಡದ್ದು ಇದೇ ಮಾದರಿ. ಅಸಲಿಯೋ ನಕಲೋ ಹೇಳುವ ಮುದ್ರೆಗಳು ಸವೆದಿದ್ದವು. ಪತ್ರದಲ್ಲಿ ಕೋವಿಯ ವಿವರ ಹೊಂದುತ್ತದೆಯೇ ಎಂದು ಕೇಳಿ ಸುಬೇದಾರರು ಅಂದೇ ಮಡಿಕೇರಿಗೆ ಕಾಗದ ಬರೆದರು.

ಈ ಗೀರುಗಳು ನನ್ನ ಯೋಜನೆಯನ್ನೂ ಬದಲಿಸಿದವು. ಉಳಿದ ತುಕ್ಕಿಗೆ ಸಣ್ಣದಾಗಿ ಹೋನ್ ಮಾಡೋಣ ಎಂಬ ಆಲೋಚನೆ ನನ್ನಲ್ಲಿತ್ತು, ಅದು ನನ್ನ ದಿನನಿತ್ಯದ ಕೆಲಸ. ಆದರೆ ಹೋನ್ ತುಕ್ಕಿನ ಜತೆ ಗೀರಿನ ಅಂಚನ್ನೂ ಸವೆಸುತ್ತದೆ. ನೂರೈವತ್ತು ವರ್ಷ ಉಳಿದದ್ದನ್ನು ನನ್ನ ಕೈಯಿಂದ ಅಳಿಸಲು ಮನಸ್ಸು ಬರಲಿಲ್ಲ. ಕಬ್ಬಿಣ ಮುಟ್ಟದೆ ತುಕ್ಕನ್ನಷ್ಟೇ ಬಿಡಿಸುವ ದಾರಿ ಬೇಕಿತ್ತು. ನೀರಿನೊಳಗೆ ಕರೆಂಟು ಹರಿಸಿ ತುಕ್ಕು ಬಿಡಿಸುವ ಎಲೆಕ್ಟ್ರೋಲಿಸಿಸ್ ಆರಿಸಿದೆವು.

ಮಿಸ್ತ್ರಿ ನಳಿಗೆಯನ್ನು ಮರದಿಂದ ಬಿಡಿಸಿ, ನಿಪ್ಪಲ್ ತೆಗೆದು ಕೊಟ್ಟರು. ನಿಪ್ಪಲ್ ತೂತಿಗೆ ರಬ್ಬರ್ ಬೆಣೆ. ನಳಿಗೆಯನ್ನು ಬಾಲ್ಕನಿಯಲ್ಲಿ ನೆಟ್ಟಗೆ ನಿಲ್ಲಿಸಿ, ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿದೆವು. ಅಡುಗೆ ಉಪ್ಪು ಕೂಡದು, ಕ್ಲೋರಿನ್ ಬಿಡುತ್ತದೆ, ಕಬ್ಬಿಣಕ್ಕೂ ಕೇಡು. ರವಿವಾರ ಪೇಠೆಯ ಬೋಹರಿ ಆಳಿಯಿಂದ ತಂದ 6 ಮಿಲಿಮೀಟರಿನ ಸಾದಾ ಕಬ್ಬಿಣದ ಸರಳಿಗೆ ಮೂರು ಕಡೆ ಓ-ರಿಂಗ್ ಸುತ್ತಿ, ಎಲ್ಲೂ ಗೋಡೆಗೆ ತಾಗದಂತೆ ನಡುವೆ ಇಳಿಸಿದೆವು. ಸ್ಟೇನ್‌ಲೆಸ್ ಸರಳು ಬೇಡವೆಂದದ್ದು ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ ಎಂಬ ಕಾರಣಕ್ಕೆ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ನಳಿಗೆಗೆ. ಇದು ಅದಲುಬದಲಾದರೆ ಸರಳು ಉಳಿದು ನಳಿಗೆ ಕರಗುತ್ತದೆ, ಆದ್ದರಿಂದ ಸ್ವಿಚ್ ಹಾಕುವ ಮುನ್ನ ಇಬ್ಬರೂ ಬೇರೆ ಬೇರೆಯಾಗಿ ನೋಡಿದೆವು. ಹೈಡ್ರೋಜನ್ ಏಳುತ್ತದೆಂದು ಬಾಲ್ಕನಿಯ ಬಾಗಿಲು ತೆರೆದು, ದೇವರ ದೀಪವನ್ನೂ ಆ ಹೊತ್ತಿಗೆ ಆರಿಸಿಟ್ಟಿದ್ದೆವು.

ಹತ್ತು ನಿಮಿಷಕ್ಕೆ ಬಾಯಲ್ಲಿ ಕಿತ್ತಳೆ ನೊರೆ. ಎರಡು ಗಂಟೆಗೆ ಸರಳು ತೆಗೆದರೆ ಅದು ಹುತ್ತದ ಹಾಗೆ ದಪ್ಪಗಾಗಿತ್ತು. ಅದನ್ನು ಕೆರೆದು, ನಳಿಗೆ ತೊಳೆದು, ಮತ್ತೆ ಒಂದೂವರೆ ಗಂಟೆ, ಮತ್ತೆ ಒಂದು ಗಂಟೆ. ಕೊನೆಯ ಸಲ ಚಿಂದಿ ಬೂದಿಬಣ್ಣಕ್ಕೆ ಬಂದಾಗ ನಿಲ್ಲಿಸಿದೆವು. ಇನ್ನೊಂದು ಸಲ ಮಾಡೋಣವೇ ಎಂಬ ಆಸೆ ಇಬ್ಬರಿಗೂ ಇತ್ತು. ತುಕ್ಕೇ ಇಲ್ಲದಲ್ಲಿ ಕರೆಂಟಿಗೆ ಕೆಲಸವಿಲ್ಲವೆಂದು ಬಿಟ್ಟೆವು.

ಒಣಗಿಸುವುದರಲ್ಲಿ ಒಮ್ಮೆ ಎಡವಿದೆವು. ಮೊದಲ ಸಲ ಕೈ ತಾಳುವಷ್ಟು ಬಿಸಿನೀರು ಹೊಯ್ದು ಚಿಂದಿ ಬಿಟ್ಟರೆ ಐದೇ ನಿಮಿಷಕ್ಕೆ ಅರಿಶಿನ ಬಳಿದಂಥ ಹೊಸ ತುಕ್ಕು. ಎರಡನೇ ಸಲ ಕುದಿಯುವ ನೀರು, ಎರಡು ಕೆಟಲ್ ಬೆನ್ನುಬೆನ್ನಿಗೆ. ನಳಿಗೆ ಬಟ್ಟೆಯಿಲ್ಲದೆ ಹಿಡಿಯಲಾರದಷ್ಟು ಕಾದು, ಒಳಗಿನ ತೇವ ತಾನೇ ಆವಿಯಾಗಿ ಹೋಯಿತು. ಬೆಚ್ಚಗಿರುವಾಗಲೇ ಎಣ್ಣೆಯ ಚಿಂದಿ ಎಳೆದೆವು. ಉಪ್ಪು ಹೋದ ಮೇಲೆ ಎಣ್ಣೆ. ಸುಬೇದಾರರ ಪಟ್ಟು ಅಲ್ಲಿ ಸರಿಯಾದ ಜಾಗಕ್ಕೆ ಬಂತು.

ಈಡಿನ ಪ್ರಶ್ನೆ

ಬೋರ್‌ಸ್ಕೋಪ್ ಮತ್ತೆ ಇಳಿಸಿದಾಗ ಬಾಯಿಂದ ಮೂವತ್ತು ಇಂಚಿನವರೆಗೆ ಮೈ ಚೆನ್ನಾಗಿಯೇ ಇತ್ತು. ಅಲ್ಲಲ್ಲಿ ಸಿಡುಬಿನ ಕಲೆಯಂಥ ಗುಳಿ ಇದ್ದರೂ ಗೀರಿನ ಅಂಚು ಚೂಪಾಗಿ ಉಳಿದಿತ್ತು. ಬುಡದ ನಾಲ್ಕು ಇಂಚು ಮಾತ್ರ ಬೇರೆ. ತುಂಬಿದ ಮಸಿ ಹನ್ನೊಂದು ವರ್ಷ ಕೂತಿದ್ದ ಜಾಗ ಅದು, ಕಾಚಂಪುಳಿಯೂ ಇಳಿದು ನಿಂತದ್ದು ಅದರ ಮೇಲೆಯೇ. ಗುಳಿಗಳು ಒಂದಕ್ಕೊಂದು ಕೂಡಿಕೊಂಡು ಸರಪಳಿಯಾಗಿದ್ದವು, ಗೀರು ಅಲ್ಲಿ ಗುರುತೇ ಸಿಗುತ್ತಿರಲಿಲ್ಲ. ಈಡು ಹೊಡೆದಾಗ ಒತ್ತಡ ಅತಿ ಹೆಚ್ಚು ಬೀಳುವುದು ಇದೇ ಜಾಗಕ್ಕೆ.

“ಅರ್ಧ ಮಸಿ ಹಾಕಿ ಒಂದೇ ಒಂದು?” ಎಂದರು ಸುಬೇದಾರರು.

ಆಗದು ಎಂದೆ. ಎಷ್ಟು ದಪ್ಪ ಉಳಿದಿದೆ ಎಂದು ನಾನು ಅಳೆದಿಲ್ಲ, ಅಳೆಯದ ಗೋಡೆಗೆ ನಿಮ್ಮ ಮುಖ ಕೊಡಬೇಡಿ ಎಂದೆ. ಮಿಸ್ತ್ರಿಯೂ ಪರೀಕ್ಷೆಯಾಗದೆ ಹೊಡೆಯಬಾರದೆಂದರು. ಸುಬೇದಾರರು ಮೂರು ದಿನ ನನ್ನ ಜತೆ ಮಾತಾಡಲಿಲ್ಲ. ನನಗೂ ಆ ಮೂರು ದಿನ ಊಟ ರುಚಿಸಲಿಲ್ಲ. ನಾಲ್ಕನೇ ದಿನ ಹೋದಾಗ ಕುದುರೆಯ ಕೆಳಗೆ ಒಂದು ಹಿತ್ತಾಳೆ ಬಿಲ್ಲೆ ನೇತಾಡುತ್ತಿತ್ತು. ಅದರ ಮೇಲೆ ಕೊರೆಸಿದ್ದರು: ಬುಡ ಸವೆದಿದೆ, ತುಂಬಬಾರದು. ಕೆಳಗೆ ತಾರೀಖು. “ಅಣ್ಣ ಹೇಳದೆ ಹೋದರು. ನಾನು ಬರೆದಿಟ್ಟು ಹೋಗ್ತೀನಿ” ಎಂದರು.

ಸೆಪ್ಟೆಂಬರ್ 3ಕ್ಕೆ ಕೋವಿ ದೇವರ ಮುಂದೆ ನಿಂತಿತು. ತೋಕ್ ಪೂ ಪುಣೆಯಲ್ಲಿ ಎಲ್ಲಿ ಸಿಗಬೇಕು! ಸೋದರಳಿಯ ಕೊಡಗಿನಿಂದ ಬರುವ ರಾತ್ರಿ ಬಸ್ಸಿನಲ್ಲಿ ತರಿಸಿ, ತಾನೇ ಬಾಯಿಗೆ ಮುಡಿಸಿದ.

ತಿಂಗಳಿಗೊಮ್ಮೆ ಒಣ ಚಿಂದಿ ಎಳೆದು, ತಾರೀಖು ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕೆಂದು ಮಾತಾಗಿತ್ತು. ಅಕ್ಟೋಬರಿನ ಚಿಂದಿ ಬುಡದಲ್ಲಿ ಬೆಳ್ಳಗೆ ಬಂತು. ಬಾಯಂಚಿನಲ್ಲಿ ಮಾತ್ರ ಉಂಗುರದಂತೆ ತೆಳು ಕಂದು. ಹೂವಿನ ಹಸಿ ತೊಟ್ಟು ಒಂದು ಹಗಲು, ಒಂದು ರಾತ್ರಿ ಕಬ್ಬಿಣಕ್ಕೆ ತಾಗಿ ಕೂತಿತ್ತು. ಎಣ್ಣೆ ಚಿಂದಿಗೆ ಅದು ಬಿಟ್ಟುಕೊಂಡಿತು. ಮುಂದಿನ ವರ್ಷದಿಂದ ತೊಟ್ಟಿಗೆ ಮೇಣದ ಬಟ್ಟೆ ಸುತ್ತಿ ಮುಡಿಸುತ್ತಿದ್ದಾರೆ.